ಊರು ನೋಡೋದಾ, ಮನೆಗೆ ಹೋಗೋದಾ?

(ಹುಡುಗಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ವಿನಿಮಯ ವಿದ್ಯಾರ್ಥಿನಿ. ಅವಳ ಸೋದರತ್ತೆ ಮೈಸೂರಿನಲ್ಲಿದ್ದಾರೆ, ಇತಿಹಾಸ ಪಾಠ ಮಾಡಿ ನಿವೃತ್ತರಾದವರು. 1988ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಒಂದು ವರ್ಷ ಇದ್ದು ಬಂದವರು. 2025ರ ಆಗಸ್ಟ್ ತಿಂಗಳ ಒಂದು ಭಾನುವಾರ ಫೋನಿನಲ್ಲಿ ಆದ ಮಾತು.)

ಅತ್ತೆ: ಪರೀಕ್ಷೆ ಎಲ್ಲ ಮುಗೀತು ಅಂತ ನಿಮ್ಮಪ್ಪ ಹೇಳಿದ. ಇನ್ನೇನು, ಗಂಟುಮೂಟೆ ಕಟ್ಟೋದೊಂದು ಬಾಕಿ ಅನ್ನು.

ಹುಡುಗಿ: ಗಂಟುಮೂಟೆ ಯಾರು ಕಟ್ತಿದಾರೆ ಅತ್ತೆ! ಎಲ್ಲರೂ ಪಟ್ಟಿ ಮಾಡ್ತಾ ಕೂತಿದಾರೆ. ನಮ್ಮ ಹಾಸ್ಟೆಲ್ ಅಡುಗೆಮನೆಯ ಫ್ರಿಜ್ ಮೇಲೆ ಯುರೋಪಿನ ಮ್ಯಾಪ್ ಅಂಟಿಸಿದೀವಿ. ನೋಡಿದ ಊರಿಗೆ ಕೆಂಪು ಚುಕ್ಕೆ, ನೋಡಬೇಕಾದ್ದಕ್ಕೆ ನೀಲಿ. ಈಗಿನ ಪ್ಲಾನು ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್, ಒಂದೇ ಉಸಿರಿಗೆ. ರಾತ್ರಿ ಬಸ್ಸಲ್ಲಿ ಮಲಗೋದು, ಹಗಲು ಸುತ್ತೋದು. ರೂಮಿನ ಬಾಡಿಗೆ ಉಳೀತು.

ಅತ್ತೆ: ಬಸ್ಸಲ್ಲಿ ಮಲಗಿ ಎದ್ದವರಿಗೆ ಹಗಲು ಏನು ಕಾಣುತ್ತೆ? ನಮ್ಮ ಕಾಲೇಜಿನವರು ದಕ್ಷಿಣ ಭಾರತ ಪ್ರವಾಸ ಅಂತ ಕರ್ಕೊಂಡು ಹೋಗ್ತಿದ್ದದ್ದು ಥೇಟ್ ಹೀಗೇ. ಮಧುರೆ, ರಾಮೇಶ್ವರ, ಕನ್ಯಾಕುಮಾರಿ, ಊಟಿ. ಇವತ್ತಿಗೂ ನನಗೆ ನೆನಪಿರೋದು ಎದುರು ಸೀಟಿನ ರೆಕ್ಸಿನ್ ಹರಿದಿದ್ದದ್ದು ಮಾತ್ರ.

ಹುಡುಗಿ: ನೀವು ಹೀಗೇ ಹೇಳ್ತೀರ ಅಂತ ಗೊತ್ತಿತ್ತು. ಆದರೆ ನನ್ನ ಲೆಕ್ಕಾನೂ ಸ್ವಲ್ಪ ಕೇಳಿ. ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಕೈಯಲ್ಲಿರೋವರೆಗೆ ಷೆಂಗೆನ್ ಒಳಗಿನ ಉಳಿದ ದೇಶಗಳಿಗೆ ವೀಸಾ ಬೇಡ. 180 ದಿನದಲ್ಲಿ 90 ದಿನದವರೆಗೆ ಓಡಾಡಬಹುದು. ಒಟ್ಟು 29 ದೇಶ. ಆ ಕಾರ್ಡಿನ ಅವಧಿ ಮುಗಿದ ಮಾರನೇ ದಿನದಿಂದ ಮತ್ತೆ ಶುರು: 90 ಯೂರೋ ಫೀಸು, 30,000 ಯೂರೋ ಮೊತ್ತದ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟು, ಹೋಟೆಲ್ ಬುಕಿಂಗು, ಬೆಂಗಳೂರಲ್ಲಿ ಅಪಾಯಿಂಟ್‌ಮೆಂಟಿಗೆ ಕಾಯೋದು. ಲಿಯಾನ್‌ನಿಂದ ಬಂದ ಹುಡುಗನಿಗೆ ಪ್ಯಾರಿಸ್ ಈ ವಾರ ಇಲ್ಲದಿದ್ದರೆ ಮುಂದಿನ ವಾರ. ನನಗೆ ಹಾಗಲ್ಲವಲ್ಲ. ಪಟ್ಟಿ ಮಾಡೋದು ನಮ್ಮ ದುರಾಸೆ ಅಂತ ಬೈಬೇಡಿ.

ಅತ್ತೆ: ಬೈತಿಲ್ಲ ಮಗು. ಇದರಲ್ಲಿ ನನಗೂ ಒಂದು ಹಳೇ ಬಾಕಿ ಇದೆ. 1988ರಲ್ಲಿ ನಾವೊಂದಷ್ಟು ಜನ ಕೇಲ್‌ಗೆ ಹೋಗಿದ್ವಿ. ರೈನ್ ನದಿಯ ಈಚೆ ದಡ ಜರ್ಮನಿ, ಆಚೆ ದಡ ಸ್ಟ್ರಾಸ್‌ಬರ್ಗ್. ಅಲ್ಲಿಯ ದೊಡ್ಡ ಚರ್ಚಿನ ಗೋಪುರ 142 ಮೀಟರ್. 1647ರಿಂದ 1874ರವರೆಗೆ ಪ್ರಪಂಚದಲ್ಲಿ ಅದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ. ಈಚೆ ದಡಕ್ಕೇ ಚೆನ್ನಾಗಿ ಕಾಣುತ್ತೆ. ಜೊತೆಗಿದ್ದ ಜರ್ಮನ್ನರು, ಒಬ್ಬಳು ಇಟಲಿಯವಳು, ಸೇತುವೆ ದಾಟಿ ಹೋಗಿ ಕಾಫಿ ಕುಡಿದು ಬಂದ್ರು. 1986ರ ಬಾಂಬ್ ದಾಳಿಗಳಾದ ಮೇಲೆ ಫ್ರಾನ್ಸ್‌ನವರು ವೀಸಾ ಬಿಗಿ ಮಾಡಿದ್ರು. ನನ್ನ ಹತ್ತಿರ ಇರಲಿಲ್ಲ. ನಾನು ದಡದಲ್ಲಿ ಕೂತು ಬ್ಯಾಗು ಕಾದೆ.

ಹುಡುಗಿ: ಷೆಂಗೆನ್ ಒಪ್ಪಂದ ಅಷ್ಟು ಹೊತ್ತಿಗೆ ಆಗಿತ್ತಲ್ವಾ?

ಅತ್ತೆ: ಸಹಿ ಬಿದ್ದದ್ದು 1985ರ ಜೂನ್ 14ರಂದು, ಲಕ್ಸೆಂಬರ್ಗಿನ ಷೆಂಗೆನ್ ಅನ್ನೋ ಸಣ್ಣ ಊರಿನ ಹತ್ತಿರ, ಮೊಸೆಲ್ ನದಿಯಲ್ಲಿ ನಿಂತಿದ್ದ ಹಡಗಿನ ಮೇಲೆ. ಗಡಿಯಲ್ಲಿ ತಪಾಸಣೆ ನಿಂತಿದ್ದು 1995ರಲ್ಲಿ. ಆ ನಡುವಿನ ಹತ್ತು ವರ್ಷದಲ್ಲಿ ನಾನು ಅಲ್ಲಿಗೆ ಹೋಗಿ ಬಂದದ್ದೂ ಆಗಿತ್ತು.

ಹುಡುಗಿ: ಈಗ ಕೇಲ್‌ನಿಂದ ಸ್ಟ್ರಾಸ್‌ಬರ್ಗ್‌ಗೆ ಟ್ರಾಮ್ ಇದೆ ಅತ್ತೆ. 2017ರಲ್ಲಿ ನದಿ ಮೇಲೆ ಹೊಸ ಸೇತುವೆ ಕಟ್ಟಿ ಡಿ ಲೈನನ್ನ ಈ ಕಡೆಗೆ ಎಳೆದಿದ್ದಾರೆ. ನಾವು ಹೋದಾಗ ಟ್ರಾಮಿನ ತುಂಬಾ ಫ್ರಾನ್ಸ್ ಕಡೆಯ ಹೆಂಗಸರು, ಕೇಲ್‌ನಲ್ಲಿ ಸೋಪು, ಶಾಂಪೂ ಅಗ್ಗ ಅಂತ ಚೀಲ ತುಂಬಿಸಿಕೊಂಡು ವಾಪಸ್ ಹೊರಟಿದ್ರು. ನದಿ ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ.

ಅತ್ತೆ: ಗೊತ್ತಾಗದೆ ದಾಟಿದೆಯಲ್ಲ, ಅದೇ ಸಂತೋಷ. ಹಾಗಿದ್ದರೂ ನಿನಗೆ ಪಾಸ್‌ಪೋರ್ಟಿನ ಕಾಟ ತಪ್ಪಿಲ್ಲ ಅಂತೀಯ.

ಹುಡುಗಿ: ತಪ್ಪುತ್ತಾ! ನಮ್ಮ ಗುಂಪಿನವರು ಮೊದಲು ಹೊರಟಿದ್ದು ಸ್ಕಾಟ್ಲೆಂಡಿಗೆ. ಎಡಿನ್‌ಬರೋ, ಆಮೇಲೆ ಗುಡ್ಡಗಳು. ಯಾರೋ ಅಗ್ಗದ ವಿಮಾನದ ಟಿಕೆಟ್ಟೂ ಹುಡುಕಿ ಇಟ್ಟಿದ್ರು. ಬ್ರಿಟನ್ನಿಗೆ ಈ ಕಾರ್ಡು ನಡೆಯಲ್ಲ, ಬೇರೆ ವೀಸಾ ಬೇಕು ಅಂತ ನಾನು ಹೇಳಿದೆ. ಇಜ್ಮಿರ್‌ನಿಂದ ಬಂದಿರೋ ಟರ್ಕಿಯ ಹುಡುಗ, ನನಗೂ ಹಾಗೇ ಅಂದ. ಒಂದು ಗಳಿಗೆ ಅಡುಗೆಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅವರಿಗೆ ಇದೊಂದು ವಿಷಯ ಇದೆ ಅಂತಲೇ ಅಲ್ಲಿವರೆಗೆ ತೋಚಿರಲಿಲ್ಲ, ಪಾಪ. ಪೋಲೆಂಡಿನವಳು ಪಾತ್ರೆ ತೊಳೀತಾ ಇದ್ದವಳು ತಿರುಗಿ ಕೂಡ ನೋಡದೆ, "ಹಾಗಾದರೆ ನಮ್ಮನೆಗೆ ಹೋಗೋಣ" ಅಂದುಬಿಟ್ಟಳು. ಯಾರೂ ಅಯ್ಯೋ ಅನ್ನಲಿಲ್ಲ, ನಿಮ್ಮಿಂದ ತಪ್ಪಿತು ಅಂತಲೂ ಅನ್ನಲಿಲ್ಲ. ಸ್ಕಾಟ್ಲೆಂಡ್ ಅಲ್ಲಿಗೇ ಮುಗೀತು.

ಅತ್ತೆ: ಒಳ್ಳೇ ಹುಡುಗಿ. ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ದೂರ ಹೋಗಬಲ್ಲವರು ಯಾರೋ ಅವರನ್ನ ಕೇಳಿ ದಾರಿ ಗೊತ್ತುಮಾಡಿದರೆ ಅದು ಗೆಳೆತನ. ಮಿಕ್ಕಿದ್ದು ಪ್ಯಾಕೇಜ್ ಟೂರು. ಅಲ್ಲ, ಯುರೋಪಿನ ಈ ವಿದ್ಯಾರ್ಥಿ ವಿನಿಮಯ ಯೋಜನೆ, ಎರಾಸ್ಮಸ್, ಹುಟ್ಟಿದ್ದೇ ಇಂಥ ಒಂದು ಕಾಗದದ ಜಗಳದಿಂದ, ಗೊತ್ತಾ?

ಹುಡುಗಿ: ಹೆಸರು ರಾಟರ್‌ಡ್ಯಾಮಿನ ಆ ಹಳೇ ವಿದ್ವಾಂಸರದು ಅಂತ ಗೊತ್ತು. ಜಗಳ ಗೊತ್ತಿಲ್ಲ.

ಅತ್ತೆ: ರೋಮಿನ ಸೋಫಿಯಾ ಕೊರಾಡಿ ಅನ್ನೋರು. ಫುಲ್‌ಬ್ರೈಟ್ ವೇತನದ ಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಮಾಡಿಕೊಂಡು 1958ರಲ್ಲಿ ವಾಪಸ್ ಬಂದ್ರು. ಊರಿನ ವಿಶ್ವವಿದ್ಯಾಲಯದವರು ಅದನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ. ಏನೋ ಸುತ್ತಾಡಿಕೊಂಡು ಬಂದಿದೀಯ ಅನ್ನೋ ಹಾಗೆ ಮಾತಾಡಿದ್ರಂತೆ. ಆ ಸಿಟ್ಟನ್ನ ಆಕೆ ಬಿಡಲೇ ಇಲ್ಲ. ಹೊರದೇಶದಲ್ಲಿ ಓದಿದ್ದು ಸ್ವಂತ ಊರಲ್ಲಿ ಎಣಿಕೆಗೆ ಬರಬೇಕು ಅಂತ ವರ್ಷಗಟ್ಟಲೆ ಅರ್ಜಿ, ವರದಿ ಬರೆದು ಬರೆದು ಹಿಂದೆ ಬಿದ್ರು. 1987ರಲ್ಲಿ ಎರಾಸ್ಮಸ್ ಶುರುವಾಯ್ತು. ಮೊದಲ ವರ್ಷ 11 ದೇಶ, 3,244 ವಿದ್ಯಾರ್ಥಿಗಳು. ಆಕೆಗೆ ಆಮೇಲೆ ಮಮ್ಮಾ ಎರಾಸ್ಮಸ್ ಅಂತಲೇ ಹೆಸರಾಯ್ತು. ನಾನು ಹೈಡೆಲ್‌ಬರ್ಗ್‌ನಲ್ಲಿದ್ದಾಗ ಅದಿನ್ನೂ ಹೊಸದು. ಗ್ರೀಸಿನಿಂದ ಬಂದ ಇಬ್ಬರು ನಾವು ಎರಾಸ್ಮಸ್ ಅಂತ ಹೇಳಿಕೊಂಡರೆ ಅದೇನು ಅಂತ ಮೇಷ್ಟ್ರುಗಳೇ ಕೇಳ್ತಿದ್ರು.

ಹುಡುಗಿ: ಈಗ ಭಾರತದಂಥ ಹೊರಗಿನ ದೇಶದವರಿಗೂ ಒಂದು ಕಿಂಡಿ ಬಿಟ್ಟಿದ್ದಾರೆ, ನಾನು ನುಸುಳಿದ್ದು ಅದರಲ್ಲೇ. ನಮ್ಮ ವಿಶ್ವವಿದ್ಯಾಲಯಕ್ಕೂ ಇವರಿಗೂ ಒಪ್ಪಂದ ಇರೋದರಿಂದ ಫೀಸಿಲ್ಲ. ಹಾಗೆ ಬರದೆ ನೇರವಾಗಿ ಸೇರಿಕೊಂಡವರು, ಯುರೋಪಿಯನ್ ಒಕ್ಕೂಟದ ಹೊರಗಿನವರು, ಈ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು.

ಅತ್ತೆ: ಸರಿ, ಗೆಳೆಯರ ವಿಚಾರಕ್ಕೆ ಬಾ. ಪೋಲೆಂಡು, ಟರ್ಕಿ, ಫ್ರಾನ್ಸು ಅಂದೆ. ಜರ್ಮನಿಯಲ್ಲಿದೀಯ, ಜರ್ಮನ್ನರು ಎಲ್ಲಿ?

ಹುಡುಗಿ: ಎಲ್ಲರೂ ಇದನ್ನೇ ಕೇಳ್ತಾರೆ. ಒಬ್ಬಳಿದಾಳೆ, ನಮ್ಮ ಕಾರಿಡಾರಿನಲ್ಲೇ. ಜೂನಿನಲ್ಲಿ ಇಲ್ಲೊಂದು ದೋಣಿ ಪಂದ್ಯ ಆಗುತ್ತೆ. ನೆಕ್ಕರ್ ನದಿಯಲ್ಲಿ ಚಪ್ಪಟೆ ತಳದ ಉದ್ದನೆ ದೋಣಿ, ಹುಟ್ಟು ಇಲ್ಲ, ಗಳ ಊರಿ ತಳ್ಳೋದು. ನದಿ ನಡುವಿನ ದ್ವೀಪವನ್ನ ಸುತ್ತಿ ಬರಬೇಕು, ಅದರಲ್ಲೊಂದು ಇಕ್ಕಟ್ಟಾದ ಜಾಗ ಇದೆ, ಅಲ್ಲಿ ದೋಣಿಗೆ ದೋಣಿ ಸಿಕ್ಕಿಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳ್ತಾರೆ. ಕೊನೆಗೆ ಬಂದ ದೋಣಿಯವರು ಎಲ್ಲರೆದುರು ತಲಾ ಅರ್ಧ ಲೀಟರ್ ಕಾಡ್ ಲಿವರ್ ಎಣ್ಣೆ ಕುಡೀಬೇಕು, ಮುಂದಿನ ವರ್ಷದ ಪಂದ್ಯ ನಡೆಸೋ ಹೊಣೇನೂ ಅವರದೇ. ಇವಳು ಒಂದು ದೋಣಿಯಲ್ಲಿದ್ದಳು. ನಾವು ದಡದ ಮೇಲೆ ನಿಂತು ಗಂಟಲು ಹರಿಯೋ ಹಾಗೆ ಕೂಗಿದ್ವಿ.

ಅತ್ತೆ: ಅರ್ಧ ಲೀಟರಾ! ನಮ್ಮಮ್ಮ ಚಮಚದಲ್ಲಿ ಹರಳೆಣ್ಣೆ ಕೊಟ್ಟರೆ ಮನೆ ಬಿಟ್ಟು ಓಡ್ತಿದ್ವಿ. ಕುಡಿದಳಾ?

ಹುಡುಗಿ: ಇಲ್ಲ, ಹೇಗೋ ಬಚಾವಾದಳು. ಆದರೆ ಹೇಳ್ತಿದ್ದದ್ದು ಬೇರೆ. ಆ ದೋಣಿಯ ಎಂಟೂ ಜನ ಶಾಲೆಯಿಂದಲೋ ಯಾವುದೋ ಸಂಘದಿಂದಲೋ ಒಬ್ಬರಿಗೊಬ್ಬರು ಗೊತ್ತಿದ್ದವರು. ಇಲ್ಲಿಯ ಹುಡುಗರು ಶುಕ್ರವಾರ ಸಂಜೆ ಬಟ್ಟೆ ಮೂಟೆ ಹೊತ್ತುಕೊಂಡು ಅಮ್ಮನ ಮನೆಗೆ ಹೋಗ್ತಾರೆ, ಭಾನುವಾರ ರಾತ್ರಿ ಒಗೆದ ಬಟ್ಟೆ, ಕೇಕು ತಗೊಂಡು ಬರ್ತಾರೆ. ಶನಿವಾರ, ಭಾನುವಾರ ಹಾಸ್ಟೆಲಲ್ಲಿ ಉಳಿಯೋರು ನಾವೇ. ಭಾನುವಾರ ಅಂಗಡಿ ಕೂಡ ಮುಚ್ಚಿರುತ್ತೆ. ಒಬ್ಬಳ ಹತ್ತಿರ ಈರುಳ್ಳಿ, ಇನ್ನೊಬ್ಬನ ಹತ್ತಿರ ಮೊಟ್ಟೆ, ನನ್ನ ಹತ್ತಿರ ಅಕ್ಕಿ. ಗೆಳೆತನ ಆಗದೆ ಇನ್ನೇನಾಗುತ್ತೆ?

ಅತ್ತೆ: ಅದರಲ್ಲಿ ಅವರ ತಪ್ಪೇನೂ ಇಲ್ಲ, ತಿಳಕೋ. ಮೈಸೂರಿಗೆ ಓದೋಕೆ ಬರೋ ಹೊರದೇಶದ ಹುಡುಗರನ್ನ ನಾವು ಎಷ್ಟು ಜನ ಮನೆಗೆ ಕರೆದಿದೀವಿ? ನಮ್ಮ ಶನಿವಾರ ಭಾನುವಾರ ನಾಮಕರಣ, ಗೃಹಪ್ರವೇಶ, ಮದುವೆ ಅಂತ ಮೊದಲೇ ತುಂಬಿಹೋಗಿರುತ್ತೆ. ಮಾನಸಗಂಗೋತ್ರಿಯಲ್ಲೂ ಇರಾನಿನವರು ಇರಾನಿನವರ ಜೊತೆಗೇ ಓಡಾಡ್ತಿದ್ದದ್ದನ್ನ ನೋಡಿದೀನಿ. ಅವರಿಗೆ ಬೆರೆಯೋಕೆ ಬರಲ್ಲ ಅಂತ ನಮ್ಮ ಸ್ಟಾಫ್‌ರೂಮಿನಲ್ಲಿ ಆಡಿಕೊಳ್ತಿದ್ರು. ಕರೆದವರು ಯಾರು ಅಂತ ಯಾರೂ ಕೇಳಲಿಲ್ಲ.

ಹುಡುಗಿ: ನಾನೂ ಕೇಳಿರಲಿಲ್ಲ.

ಅತ್ತೆ: ಇರಲಿ. ಪೋಲೆಂಡಿಗೆ ಹೋಗಿಬಂದದ್ದನ್ನ ಹೇಳು. ಫೋಟೋ ಮಾತ್ರ ಕಳಿಸಿದೆ, ವಿಷಯ ಹೇಳಲಿಲ್ಲ.

ಹುಡುಗಿ: ದಾರಿಯೇ ಒಂದು ಕಥೆ. ಇಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಅಂತ ಇದೆ. 2023ರ ಮೇ ಒಂದರಂದು ಶುರುವಾದಾಗ ತಿಂಗಳಿಗೆ 49 ಯೂರೋ, ಈ ವರ್ಷ 58. ದೇಶದ ಯಾವ ಬಸ್ಸು, ಟ್ರಾಮು, ಪ್ಯಾಸೆಂಜರ್ ರೈಲಿಗಾದರೂ ಸರಿ, ವೇಗದ ರೈಲಿಗೆ ಮಾತ್ರ ಆಗಲ್ಲ. ಹಾಗಾಗಿ ಟ್ಯೂಬಿಂಗೆನ್‌ನಿಂದ ಸ್ಟುಟ್‌ಗಾರ್ಟ್, ಅಲ್ಲಿಂದ ನ್ಯೂರೆಂಬರ್ಗ್, ಹೋಫ್, ಡ್ರೆಸ್ಡೆನ್, ಕೊನೆಗೆ ಗಡಿಯ ಗೋರ್ಲಿಟ್ಸ್. ಬೆಳಿಗ್ಗೆ ಹತ್ತಿದವರು ರಾತ್ರಿ ಇಳಿದ್ವಿ. ಒಂದು ರೈಲು ತಡವಾಗಿ ಮುಂದಿನದು ತಪ್ಪಿ ಹೋಫ್ ಸ್ಟೇಷನ್ನಿನ ಬೆಂಚಿನ ಮೇಲೆ ಚಿತ್ರಾನ್ನದ ಡಬ್ಬಿ ತೆಗೆದ್ವಿ. ನಿಜ ಹೇಳ್ತೀನಿ ಅತ್ತೆ, ಎರಡು ಸೆಮಿಸ್ಟರು ಒಂದೇ ಕಾರಿಡಾರಿನಲ್ಲಿದ್ದು ತಿಳಿಯದೇ ಇದ್ದದ್ದು ಆ ರೈಲುಗಳಲ್ಲಿ ತಿಳೀತು. ಟರ್ಕಿಯವನ ಅಪ್ಪ ಭೂಕಂಪಕ್ಕೆ ಸಿಕ್ಕ ಮನೆಗಳನ್ನ ಪರೀಕ್ಷೆ ಮಾಡೋ ಎಂಜಿನಿಯರಂತೆ. 2023ರ ಫೆಬ್ರವರಿಯ ಭೂಕಂಪ ಆದಾಗಿನಿಂದ ಮನೆಗೆ ಸರಿಯಾಗಿ ಬಂದೇ ಇಲ್ಲವಂತೆ. ಅಡುಗೆಮನೆಯಲ್ಲಿ ಒಂದು ಸಲವೂ ಅದನ್ನ ಹೇಳಿರಲಿಲ್ಲ.

ಅತ್ತೆ: ಪ್ಯಾಸೆಂಜರ್ ರೈಲಿಗೆ ಆ ಗುಣ ಇದೆ. ಆಮೇಲೆ?

ಹುಡುಗಿ: ಗೋರ್ಲಿಟ್ಸ್ ಒಂದು ಕಾಲಕ್ಕೆ ಒಂದೇ ಊರು. 1945ರಲ್ಲಿ ನೈಸ್ಸೆ ನದಿಯನ್ನೇ ಗಡಿ ಮಾಡಿದಾಗ ನದಿಯ ಆಚೆಯ ಅರ್ಧ ಪೋಲೆಂಡಿಗೆ ಹೋಯ್ತು, ಅದೀಗ ಜ್ಗೊಝೆಲೆತ್ಸ್ ಅಂತ. ಯುದ್ಧದಲ್ಲಿ ಬಿದ್ದ ಹಳೇ ಸೇತುವೆ ಜಾಗದಲ್ಲಿ 2004ರಲ್ಲಿ ನಡೆದು ಹೋಗೋ ಸೇತುವೆ ಕಟ್ಟಿದ್ದಾರೆ, ಪೋಲೆಂಡ್ ಒಕ್ಕೂಟಕ್ಕೆ ಸೇರಿದ ವರ್ಷ. ಆ ಊರಿನ ಒಂದು ಹಳೇ ಡಿಪಾರ್ಟ್‌ಮೆಂಟ್ ಸ್ಟೋರ್‌ನಲ್ಲೇ 'ದ ಗ್ರ್ಯಾಂಡ್ ಬುಡಾಪೆಸ್ಟ್ ಹೋಟೆಲ್' ಸಿನಿಮಾ ತೆಗೆದದ್ದಂತೆ. ಬುಡಾಪೆಸ್ಟ್ ಇಲ್ಲೇ ಆಯ್ತು, ಪಟ್ಟಿಯಿಂದ ಹೊಡೆದುಹಾಕಿ ಅಂತ ಫ್ರೆಂಚ್ ಹುಡುಗ ತಮಾಷೆ ಮಾಡ್ತಿದ್ದ. ಸೇತುವೆ ದಾಟುವಾಗ ಮಾತ್ರ ಪೊಲೀಸರು ಇದ್ರು. ಜುಲೈ 7ರಿಂದ ಪೋಲೆಂಡಿನವರೂ ಈ ಗಡಿಯಲ್ಲಿ ತಪಾಸಣೆ ಶುರು ಮಾಡಿದಾರೆ. ಜರ್ಮನಿಯವರು ಅದಕ್ಕೂ ಮುಂಚೆಯೇ ಶುರು ಮಾಡಿದ್ರು. ನಾನೂ ಇಜ್ಮಿರಿನವನೂ ಕೇಳೋ ಮೊದಲೇ ಪಾಸ್‌ಪೋರ್ಟು, ಕಾರ್ಡು ಎರಡೂ ಕೈಯಲ್ಲಿ ಹಿಡ್ಕೊಂಡಿದ್ವಿ. ಫ್ರೆಂಚ್ ಹುಡುಗ ಗುರುತಿನ ಚೀಟಿ ಯಾವ ಜೇಬಲ್ಲಿದೆ ಅಂತ ಬ್ಯಾಗೆಲ್ಲ ತಡಕಾಡ್ತಿದ್ದ.

ಅತ್ತೆ: ಅಭ್ಯಾಸ ಬೇಕಲ್ಲ, ಅದಕ್ಕೂ.

ಹುಡುಗಿ: ಅಲ್ಲಿಂದ ವ್ರೊತ್ಸ್‌ವಾಫ್, ಕ್ರಾಕೋವ್. ಕ್ರಾಕೋವಿನ ಕೋಟೆ, ಚೌಕ ಎಲ್ಲ ನೋಡಿದ್ವಿ, ಚೆನ್ನಾಗಿವೆ, ಫೋಟೋದಲ್ಲಿರೋ ಹಾಗೇ ಇವೆ. ಅವಳ ಮನೆ ಇರೋದು ನೋವಾ ಹೂತಾದಲ್ಲಿ. ಕ್ರಾಕೋವಿನ ಮಗ್ಗುಲಲ್ಲೇ ಇರೋ ಉಕ್ಕಿನ ಬಡಾವಣೆ. 1949ರಲ್ಲಿ ಕಮ್ಯುನಿಸ್ಟ್ ಸರ್ಕಾರ ಬಯಲಿನಲ್ಲಿ ಗೆರೆ ಎಳೆದು ಕಟ್ಟಿಸಿದ ಊರು, ಕಾರ್ಖಾನೆಗೆ ಲೆನಿನ್ ಹೆಸರು. ದೇವರಿಲ್ಲದ ಊರು ಆಗಲಿ ಅಂತ ಚರ್ಚಿಗೆ ಜಾಗವೇ ಇಟ್ಟಿರಲಿಲ್ಲ. ಜನ ಬಿಡಲಿಲ್ಲ, ಜಗಳ ಆಡಿ ಆಡಿ ಚರ್ಚ್ ಕಟ್ಟಿಕೊಂಡ್ರು. 1977ರಲ್ಲಿ ಅದನ್ನ ಪ್ರತಿಷ್ಠೆ ಮಾಡಿದವರು ಆಗ ಕ್ರಾಕೋವಿನ ಆರ್ಚ್‌ಬಿಷಪ್ ಆಗಿದ್ದ ಕರೋಲ್ ವೊಯ್ತಿವಾ. ಮಾರನೇ ವರ್ಷ ಅವರೇ ಪೋಪ್ ಎರಡನೇ ಜಾನ್ ಪಾಲ್. ಈಗ ಆ ಊರಿನ ನಡು ಚೌಕಕ್ಕೆ ರೊನಾಲ್ಡ್ ರೇಗನ್ ಹೆಸರು, ನೋಡಿ ಕಾಲ! ಲೆನಿನ್ ಪ್ರತಿಮೆ ಸ್ವೀಡನ್ನಿನ ಒಂದು ಮನರಂಜನಾ ಪಾರ್ಕಿಗೆ ಮಾರಾಟ ಆಯ್ತಂತೆ.

ಅತ್ತೆ: ಇವೆಲ್ಲ ನನಗೂ ಪುಸ್ತಕದಲ್ಲಿ ಸಿಗುತ್ತೆ. ಮನೆಯಲ್ಲಿ ಯಾರಿದ್ರು?

ಹುಡುಗಿ: ಅವಳಮ್ಮ, ಅಜ್ಜಿ. ಅಜ್ಜಿ ಆ ಕಾರ್ಖಾನೆಯಲ್ಲೇ ಕ್ರೇನ್ ನಡೆಸ್ತಿದ್ದವರು. ಗಿಡ್ಡಕ್ಕೆ ಇದ್ದಾರೆ, ಕೈ ನೋಡಿದರೆ ಮಾತ್ರ ಗೊತ್ತಾಗುತ್ತೆ. ನಮಗೆ ಅಂತ ಪಿಯೆರೊಗಿ ಮಾಡಿದ್ರು, ಕರ್ಜಿಕಾಯಿ ಆಕಾರದ್ದು, ಒಳಗೆ ಆಲೂಗಡ್ಡೆ, ಗಿಣ್ಣು. ಎಣ್ಣೆಯಲ್ಲಿ ಕರಿಯಲ್ಲ, ನೀರಲ್ಲಿ ಬೇಯಿಸೋದು. ಮಾಂಸ ತಿನ್ನಲ್ಲ ಅಂದದ್ದಕ್ಕೆ ಮೂರು ಸಲ ಕೇಳಿದ್ರಂತೆ, ಮೀನಾದರೂ ತಿಂತಾಳಾ, ಕೋಳಿನಾದರೂ ತಿಂತಾಳಾ, ಹೋಗಲಿ ಸಾಸೇಜ್ ಆದರೂ ತಿಂತಾಳಾ ಅಂತ. ನಮ್ಮ ತಾತ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿದ್ರು ಅಂತ ನಾನು ಸುಮ್ಮನೆ ಒಂದು ಮಾತು ಹೇಳಿದೆ. ಅವಳು ಅದನ್ನ ಪೋಲಿಷ್‌ನಲ್ಲಿ ಹೇಳಿದ ಕೂಡಲೇ ಅಜ್ಜಿ ಕುರ್ಚಿ ಎಳ್ಕೊಂಡು ನನ್ನ ಪಕ್ಕಕ್ಕೆ ಬಂದು ಕೂತ್ರು.

ಅತ್ತೆ: ನಮ್ಮಪ್ಪನ ವಿಷಯ ಅಲ್ಲಿ ಏನು ಕೇಳಿದ್ರು?

ಹುಡುಗಿ: ಯಾವ ವಿಭಾಗ ಅಂತ. ರೋಲಿಂಗ್ ಮಿಲ್ ಅಂದೆ. ಎಷ್ಟು ಶಿಫ್ಟು? ಕ್ವಾರ್ಟರ್ಸ್ ಕೊಟ್ಟಿದ್ರಾ? ಕಿಟಕಿ ಕಟ್ಟೆ ಮೇಲೆ ಮಸಿ ಕೂರ್ತಿತ್ತಾ? ನನಗೆ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ. ಆವತ್ತು ರಾತ್ರಿ ನಿಮಗೆ ಮೆಸೇಜ್ ಮಾಡಿ ಮಸಿ ಕೂರ್ತಿತ್ತಾ ಅಂತ ಕೇಳಿದ್ದು ಅದಕ್ಕೇ.

ಅತ್ತೆ: ಓ, ಅದಕ್ಕಾ! ಮಧ್ಯರಾತ್ರಿಯಲ್ಲಿ ಇವಳಿಗೆ ಏನಾಯ್ತಪ್ಪಾ ಅಂದುಕೊಂಡೆ. ಕೂರ್ತಿತ್ತು. ಅಮ್ಮ ಬಿಳೀ ಪಂಚೆಗಳನ್ನ ಹಿತ್ತಲಲ್ಲಿ ಒಣಗಿಹಾಕ್ತಾನೇ ಇರಲಿಲ್ಲ. 1923ರಲ್ಲಿ ಉತ್ಪಾದನೆ ಶುರುವಾದ ಕಾರ್ಖಾನೆ ಅದು, ವಿಶ್ವೇಶ್ವರಯ್ಯನವರ ಕಾಲದ್ದು. ನಾವು ಹುಟ್ಟೋ ಹೊತ್ತಿಗೆ ಇಡೀ ಊರು ಸೈರನ್ನಿಗೆ ಏಳ್ತಿತ್ತು, ಸೈರನ್ನಿಗೆ ಉಣ್ತಿತ್ತು. ನೀನು ಚಿಕ್ಕವಳಿದ್ದಾಗ ಎಷ್ಟೋ ಸಲ ಹೇಳಿದೀನಿ, ಕಿವಿಗೇ ಹಾಕ್ಕೊಳ್ಳಲಿಲ್ಲ.

ಹುಡುಗಿ: ಈಗ ಹೇಳಿ, ಬರ್ಕೊಳ್ತೀನಿ. ಆ ಅಜ್ಜಿಗೆ ಉತ್ತರ ಕಳಿಸಬೇಕು.

ಅತ್ತೆ: ನೋಡು, ಇದನ್ನೇ ನಾನು ಹೇಳೋಕೆ ಹೊರಟಿದ್ದು. ಹೈಡೆಲ್‌ಬರ್ಗ್‌ನಲ್ಲಿ ನನಗೂ ಒಂದು ದೊಡ್ಡ ಗುಂಪಿತ್ತು. ಹೊರಡೋ ದಿನ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತು, ವಿಳಾಸ ಬರ್ಕೊಂಡು, ಸಾಯೋವರೆಗೂ ಬರೀತೀವಿ ಅಂತ ಆಣೆ ಇಟ್ಕೊಂಡ್ವಿ. ಆ ಕಾಲಕ್ಕೆ ಏರೋಗ್ರಾಮು. ನೀಲಿ ಕಾಗದ, ಮಡಚಿ ಅಂಟಿಸಿದರೆ ಅದೇ ಲಕೋಟೆ. ಮೊದಲ ವರ್ಷ ಒಂದು ಕಟ್ಟು ಬಂತು, ಎರಡನೇ ವರ್ಷ ಹೊಸ ವರ್ಷದ ಕಾರ್ಡು, ಆಮೇಲೆ ಅದೂ ಇಲ್ಲ. ಯಾರ ಮೇಲೂ ನನಗೆ ಬೇಸರ ಇಲ್ಲ. ಒಂದೇ ಕಡೆ, ಒಂದೇ ಹೊತ್ತಿಗೆ, ಎಲ್ಲರೂ ಮನೆ ಬಿಟ್ಟು ಬಂದವರು. ಅದಕ್ಕೆ ಅಷ್ಟು ಬಿಸಿ ಇತ್ತು. ಊರಿಗೆ ಹೋದ ಮೇಲೆ ಎಲ್ಲರಿಗೂ ಅವರವರ ಭಾನುವಾರ ತುಂಬಿಹೋಗುತ್ತೆ. ಮೋಸ ಅಂತ ಅದಕ್ಕೆ ಹೆಸರಿಡಬಾರದು.

ಹುಡುಗಿ: ಈಗ ವಾಟ್ಸ್‌ಆ್ಯಪ್ ಗುಂಪಿದೆ ಅತ್ತೆ. ಹಾಗೆಲ್ಲ ಕಡಿದುಹೋಗಲ್ಲ.

ಅತ್ತೆ: ಕಡಿಯಲ್ಲ, ಮ್ಯೂಟ್ ಆಗುತ್ತೆ. ನನ್ನ ಎಂ.ಎ. ಬ್ಯಾಚಿನ ಗುಂಪಲ್ಲಿ ಈಗ ಬರೋದು ಶುಭೋದಯದ ಹೂವು ಮಾತ್ರ. ಉಳಿದವಳು ಒಬ್ಬಳೇ. ನನ್ನ ರೂಮಿನ ಪಕ್ಕದ ಜರ್ಮನ್ ಹುಡುಗಿ, ಕ್ರಿಸ್‌ಮಸ್‌ಗೆ ಹಾಸ್ಟೆಲ್ ಖಾಲಿ ಆಗುತ್ತೆ, ಒಬ್ಬಳೇ ಇರಬೇಡ ಅಂತ ತನ್ನೂರಿಗೆ ಕರ್ಕೊಂಡು ಹೋದಳು. ನೀನಿರೋ ಟ್ಯೂಬಿಂಗೆನ್ನಿಗೆ ಹತ್ತಿರವೇ, ಷ್ವೇಬಿಷ್ ಆಲ್ಬ್ ಗುಡ್ಡದ ಮೇಲಿನ ಹಳ್ಳಿ. ಅವರಮ್ಮ ಬೇಳೆ, ಶಾವಿಗೆ ಥರದ ಸ್ಪೆಟ್ಸ್‌ಲೆ ಮಾಡಿ ನನ್ನ ತಟ್ಟೆಯಿಂದ ಸಾಸೇಜ್ ತೆಗೆದಿಟ್ರು. ಬೇಳೆ ನೋಡಿ ನನಗೆ ಅಳುವೇ ಬಂತು. ಅವರಪ್ಪನಿಗೆ ಯುದ್ಧಕಾಲದಲ್ಲಿ ಒಂದು ಕಾಲಿಗೆ ಪೆಟ್ಟಾಗಿತ್ತು. ರಾತ್ರಿ ಒಲೆ ಹತ್ತಿರ ಕೂತು ಅದನ್ನ ನನಗೆ ಹೇಳಿದ್ರು, ಮಗಳಿಗೇ ಅಲ್ಲಿವರೆಗೆ ಹೇಳಿರಲಿಲ್ಲವಂತೆ. ಅವಳು ಎರಡು ಸಲ ದಸರಾಕ್ಕೆ ಬಂದಿದಾಳೆ. ಅವರಮ್ಮ ತೀರಿಕೊಂಡಾಗ ನಾನು ಇಲ್ಲಿ ಸ್ನಾನ ಮಾಡಿದೆ, ನಗಬೇಡ.

ಹುಡುಗಿ: ನಗ್ತಿಲ್ಲ.

ಅತ್ತೆ: ನಮ್ಮ ಹಿರಿಯರು ಪ್ರವಾಸ ಅಂತ ಯಾವಾಗ ಹೋಗ್ತಿದ್ರು? ಒಂದು ಕ್ಷೇತ್ರಕ್ಕೆ, ಇಲ್ಲ ನೆಂಟರ ಮನೆಗೆ. ಊರು ನೋಡೋದು ಅಂತ ಪ್ರತ್ಯೇಕ ಕೆಲಸ ಇರಲಿಲ್ಲ. ನೆಂಟರ ಮನೆಯಲ್ಲಿ ಎಂಟು ದಿನ ಇದ್ದರೆ ಊರು ತಾನಾಗಿ ಕಾಣ್ತಿತ್ತು, ಬಾವಿಗೆ ಹೋಗುವಾಗ, ಸಂತೆಗೆ ಹೋಗುವಾಗ. ಎಕ್ಸ್‌ಚೇಂಜಿನ ಕೊನೆಯಲ್ಲಿ ಹುಡುಗರು ರಾಜಧಾನಿಗಳ ಹಿಂದೆ ಓಡ್ತಾರೆ. ಪ್ಯಾರಿಸ್ ಎಲ್ಲೂ ಹೋಗಲ್ಲ, ಕಷ್ಟಪಟ್ಟು ವೀಸಾ ತಗೊಂಡಾದರೂ ನಲವತ್ತನೇ ವಯಸ್ಸಿಗೆ ಹೋಗಬಹುದು. ಆ ಅಜ್ಜಿ ಮನೆಗೆ ನಲವತ್ತನೇ ವಯಸ್ಸಿಗೆ ಹೋಗೋಕೆ ಆಗುತ್ತಾ?

ಹುಡುಗಿ: ಆಗಲ್ಲ. ಆದರೆ ಎಲ್ಲರೂ ಮನೆಗೆ ಕರೆಯೋ ಸ್ಥಿತಿಯಲ್ಲಿ ಇರಲ್ಲ. ಜಾರ್ಜಿಯಾದವಳು ಕರೆದಳು, ಟಿಬಿಲಿಸಿಗೆ ಹೋಗಿ ಬರೋ ದುಡ್ಡು ನನ್ನ ಹತ್ತಿರ ಇಲ್ಲ. ಕೊಲಂಬಿಯಾದವನ ಮನೆ ಅಂತೂ ಸಮುದ್ರದಾಚೆ. ಇಜ್ಮಿರಿನವನ ಅಪ್ಪನೇ ಮನೆಯಲ್ಲಿಲ್ಲ. ನಿಮ್ಮ ಸೂತ್ರ ಎಲ್ಲರಿಗೂ ಹೊಂದಲ್ಲ ಅತ್ತೆ.

ಅತ್ತೆ: ಹೊಂದದಿದ್ದರೆ ನೀನು ಕರಿ. ನಿನ್ನ ಮನೆ ಅಂತ ಅಲ್ಲೇನಿದೆ ಅಂತೀಯ? ಕನ್ನಡ ನಿಘಂಟಿನ ಕಿಟೆಲ್ ಇದಾರಲ್ಲ.

ಹುಡುಗಿ: ಅದನ್ನ ಮಾಡಿದೆ! 'ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಒಬ್ಬ ಜರ್ಮನ್ನನ ಪ್ರತಿಮೆ ಇದೆ, ಆ ಮನುಷ್ಯ ತೀರಿಕೊಂಡದ್ದು ಈ ಊರಲ್ಲೇ' ಅಂದರೆ ಯಾರೂ ನಂಬಲಿಲ್ಲ. ಲೈಬ್ರರಿಗೆ ಕರ್ಕೊಂಡು ಹೋಗಿ 1894ರ ಕನ್ನಡ-ಇಂಗ್ಲಿಷ್ ನಿಘಂಟು ತೆಗೆಸಿದೆ. ಸುಮಾರು 70,000 ಪದ. ದೋಣಿ ಪಂದ್ಯದ ಹುಡುಗಿ ಇದೇ ಊರಿನ ಕಡೆಯವಳು, ಅವಳಿಗೂ ಗೊತ್ತಿರಲಿಲ್ಲ. ಇವರದೇ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿದೆ, 1903ರಲ್ಲಿ ಇಲ್ಲೇ ಕೊನೆಯುಸಿರೆಳೆದ್ರು ಅಂತ ನಾನು ಅವಳಿಗೆ ಅವಳೂರಿನ ಪಾಠ ಹೇಳಿದ್ದಾಯ್ತು. ಅವಳು ಆವತ್ತೇ ಅಮ್ಮನಿಗೆ ಫೋನ್ ಮಾಡಿ ಹೇಳಿದಳು. ಮುಂದಿನ ಶನಿವಾರ ಅವರ ಮನೆಗೆ ಊಟಕ್ಕೆ ಬರಬೇಕಂತೆ, ನಾವೆಲ್ಲ.

ಅತ್ತೆ: ನೋಡಿದೆಯಾ, ಜರ್ಮನ್ನರೂ ಬಂದ್ರು.

ಹುಡುಗಿ: ಅವಳು ಎಂದೋ ಕರೀತಿದ್ದಳೇನೋ, ಕೇಳೋಕೆ ಒಂದು ನೆಪ ಬೇಕಿತ್ತು ಅನ್ಸುತ್ತೆ.

ಅತ್ತೆ: ಸರಿ, ಈಗ ಒಣ ವಿಷಯ. ಹೊರಡೋ ಮುಂಚಿನ ಕಾಗದಪತ್ರ ಎಲ್ಲ ಆಯ್ತಾ? ನಿಮ್ಮಪ್ಪ ನನಗೆ ಫೋನ್ ಮಾಡಿದ್ದೇ ಅದಕ್ಕೆ.

ಹುಡುಗಿ: ನಗರಸಭೆಯಲ್ಲಿ ಮನೆ ಬಿಡ್ತೀನಿ ಅಂತ ಬರೆಸಬೇಕು, ಹೊರಡೋಕೆ ಒಂದು ವಾರ ಇರುವಾಗ ಮಾಡಿಸಬಹುದು, ಅದಕ್ಕಿಂತ ಮುಂಚೆ ತಗೊಳ್ಳಲ್ಲ. ಆ ಕಾಗದ ಇಲ್ಲದಿದ್ದರೆ ರೇಡಿಯೋ ಟಿ.ವಿ. ಶುಲ್ಕ ಬೆನ್ನು ಬಿಡಲ್ಲ. ತಿಂಗಳಿಗೆ 18.36 ಯೂರೋ, ಟಿ.ವಿ. ಇರಲಿ ಬಿಡಲಿ, ಮನೆಗೊಂದು. ಮೈಸೂರಿಗೂ ನೋಟೀಸು ಬರುತ್ತೆ ಅಂತ ಹಳಬರು ಹೆದರಿಸ್ತಾರೆ. ರೂಮಿನ ಡೆಪಾಸಿಟ್ ವಾಪಸ್ ಬರಬೇಕು. ಸೈಕಲನ್ನ ಇಜ್ಮಿರಿನವನು ಮಾರಿಸಿಕೊಟ್ಟ. ಖಾಲಿ ಬಾಟಲಿಗಳನ್ನ ಅಂಗಡಿ ಮಷಿನ್ನಿಗೆ ಹಾಕಿದ್ವಿ, ಒಂದು ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್. ಕಾರಿಡಾರಿನ ಬಾಟಲಿಗಳ ದುಡ್ಡಲ್ಲಿ ಎಲ್ಲರಿಗೂ ಐಸ್‌ಕ್ರೀಂ ಆಯ್ತು. ಕುಕ್ಕರು, ಮಸಾಲೆ ಡಬ್ಬಿ ಅಡುಗೆಮನೆಯಲ್ಲೇ ಬಿಟ್ಟು ಬರ್ತೀನಿ, ಅಕ್ಟೋಬರಿನಲ್ಲಿ ಯಾರೋ ಬರ್ತಾರಲ್ಲ. ಇಂಗಿನ ಡಬ್ಬಿ ಮಾತ್ರ ಬಿಟ್ಟು ಹೋಗಬೇಡ ಅಂತ ಎಲ್ಲರೂ ಕೈ ಮುಗಿದಿದಾರೆ.

ಅತ್ತೆ: ಅಂಕಪಟ್ಟಿ?

ಹುಡುಗಿ: ಇನ್ನೂ ಇಲ್ಲ. ಒಬ್ಬ ಮೇಷ್ಟ್ರು ರಜೆಗೆ ಹೋಗಿದಾರೆ.

ಅತ್ತೆ: ಅವರು ಬರೋವರೆಗೆ ದಿನಾ ಮೇಲ್ ಹಾಕು. ಮಮ್ಮಾ ಎರಾಸ್ಮಸ್ ಅಷ್ಟು ವರ್ಷ ಬಡಿದಾಡಿದ್ದು ಅದೊಂದು ಕಾಗದಕ್ಕೆ. ಊರೂರು ಸುತ್ತಿ, ಅಂಕಪಟ್ಟಿ ಇಲ್ಲದೆ ಬಂದು, ಇಲ್ಲಿ ಆ ಸೆಮಿಸ್ಟರನ್ನ ಮತ್ತೆ ಓದಿದವರನ್ನ ನಾನೇ ಕಂಡಿದೀನಿ.

ಹುಡುಗಿ: ಹಾಕ್ತೀನಿ. ಈಗ ನನ್ನ ಐದು ರಾಜಧಾನಿ ಕಥೆ ಏನು? ಒಂದೂ ಬೇಡ ಅಂತೀರಾ?

ಅತ್ತೆ: ಪ್ಯಾರಿಸ್ ನೋಡಿ ಬಾ. ನಾನು ರೈನ್ ದಡದಲ್ಲಿ ಬ್ಯಾಗು ಕಾದವಳು, ನಿನಗೆ ಬೇಡ ಅನ್ನೋ ಬಾಯಿ ನನಗಿಲ್ಲ. ಇಜ್ಮಿರಿನವನ ಜೊತೆ ಹೋಗು, ಅವನಿಗೂ ಅದೇ ಕಾರ್ಡಲ್ವಾ. ನಾಲ್ಕು ದಿನ ಒಂದೇ ಊರಲ್ಲಿರಿ, ರಾತ್ರಿ ಹಾಸಿಗೆ ಮೇಲೆ ಮಲಗಿ. ಉಳಿದ ನಾಲ್ಕು ಊರು ಬಿಡು. ಆ ದುಡ್ಡಲ್ಲಿ ಹೊರಡೋ ಮುಂಚೆ ಅಡುಗೆಮನೆಯವರಿಗೆಲ್ಲ ಒಂದು ಸರಿಯಾದ ಊಟ ಹಾಕು.

ಹುಡುಗಿ: ಪೋಲೆಂಡಿನವಳು ಜನವರಿಯಲ್ಲಿ ನಮ್ಮೂರಿಗೆ ಬರ್ತೀನಿ ಅಂತಿದಾಳೆ. ಅಜ್ಜಿ ಹೇಳಿ ಕಳಿಸಿದಾರಂತೆ, ಆ ಕಾರ್ಖಾನೆ ಫೋಟೋ ತಗೊಂಡು ಬಾ ಅಂತ.

ಅತ್ತೆ: ಬರಲಿ. ಭದ್ರಾವತಿಗೆ ನಾನೇ ಕರ್ಕೊಂಡು ಹೋಗ್ತೀನಿ, ಕ್ವಾರ್ಟರ್ಸ್ ಹೊರಗಿನಿಂದಲಾದರೂ ತೋರಿಸಬಹುದು. ಪೋಲೆಂಡಿನವರಿಗೆ ನಮ್ಮ ಸರ್ಕಾರ ಇ-ವೀಸಾ ಕೊಡುತ್ತೆ, ಮನೆಯಲ್ಲಿ ಕೂತೇ ಅರ್ಜಿ ಹಾಕಬಹುದು. ಡಿಸೆಂಬರಿನಲ್ಲೇ ಹಾಕೋಕೆ ಹೇಳು.